ಮೂರು ವಾರ ಬಾಳದ ಲೀಗ್

ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅಲ್ಲಿ ಈ ಆಟಕ್ಕಾಗಿ ಮೊದಲ ವೃತ್ತಿಪರ ಲೀಗ್ ಆರಂಭವಾದದ್ದು 1894ರ ಅಕ್ಟೋಬರ್ 6ರಂದು. ಆ ತಿಂಗಳು ಮುಗಿಯುವ ಮೊದಲೇ ಅದು ಕಣ್ಮುಚ್ಚಿತು.

ಲೀಗನ್ನು ಹುಟ್ಟುಹಾಕಿದವರು ಬೇಸ್‌ಬಾಲ್ ತಂಡಗಳ ಮಾಲೀಕರು. ಬೇಸಿಗೆ ಕಳೆದೊಡನೆ ಬಿಕೋ ಎನ್ನುತ್ತಿದ್ದ ಮೈದಾನಗಳಿಂದ ಚಳಿಗಾಲದಲ್ಲೂ ನಾಲ್ಕು ಕಾಸು ಸಂಪಾದಿಸುವುದು ಅವರ ಉದ್ದೇಶ. ಹಿಂದಿನ ವರ್ಷವಷ್ಟೇ ದೇಶವನ್ನು ಆರ್ಥಿಕ ಮುಗ್ಗಟ್ಟು ಆವರಿಸಿತ್ತು. ನ್ಯೂಯಾರ್ಕ್, ಬ್ರೂಕ್ಲಿನ್, ಬಾಸ್ಟನ್, ಫಿಲಡೆಲ್ಫಿಯ, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ನಿನ ಆರು ತಂಡಗಳು ಸಿದ್ಧವಾದವು.

ಆ ವರ್ಷದ ಬೇಸ್‌ಬಾಲ್ ಪ್ರಶಸ್ತಿ ಗೆದ್ದಿದ್ದ ಬಾಲ್ಟಿಮೋರ್, ಫುಟ್‌ಬಾಲಿನಲ್ಲೂ ಮೇಲುಗೈ ಸಾಧಿಸಲು ಇಂಗ್ಲೆಂಡಿನಿಂದ ನುರಿತ ಆಟಗಾರರನ್ನು ಕರೆಸಿಕೊಂಡಿತು. ವಾಷಿಂಗ್ಟನ್ ತಂಡ ಅದರೆದುರು 10–1ರಿಂದ ಸೋತಾಗ ಗುಲ್ಲೆದ್ದಿತು. ಕರಾರಿನ ಮೇಲೆ ವಿದೇಶಿ ಕೆಲಸಗಾರರನ್ನು ಕರೆತರುವುದನ್ನು 1885ರ ಕಾನೂನು ನಿಷೇಧಿಸಿತ್ತು. ಚೆಂಡು ಒದೆಯುವವನೂ ಕೂಲಿಯಾಳೇ ಎಂಬ ಪ್ರಶ್ನೆ ಸರ್ಕಾರದ ಬಾಗಿಲು ತಟ್ಟಿತು.

ಆದರೆ ಲೀಗ್ ಸೋತದ್ದು ಕಾನೂನಿನಿಂದಲ್ಲ. ಪಂದ್ಯಗಳು ಹೆಚ್ಚಾಗಿ ವಾರದ ನಡುವಿನ ಮಧ್ಯಾಹ್ನ ನಡೆಯುತ್ತಿದ್ದವು. ಈ ಆಟವನ್ನು ಬಲ್ಲವರೋ ಬ್ರಿಟನ್ನಿನಿಂದ ವಲಸೆ ಬಂದ ಗಿರಣಿ ಕಾರ್ಮಿಕರು. ಆ ಹೊತ್ತಿನಲ್ಲಿ ಅವರು ಯಂತ್ರದ ಮುಂದೆ ನಿಂತಿರುತ್ತಿದ್ದರು. ಫಾಲ್ ರಿವರ್, ಕಿಯರ್ನಿಯಂಥ ಗಿರಣಿ ಊರುಗಳಲ್ಲಿ ಒಂದು ದಶಕದಿಂದ ಫುಟ್‌ಬಾಲ್ ಬೇರೂರಿತ್ತು. ಆ ಊರುಗಳಿಗೆ ಲೀಗಿನಲ್ಲಿ ಸ್ಥಾನವೇ ಇರಲಿಲ್ಲ. ಆಟ ತಿಳಿಯದ ಬೇಸ್‌ಬಾಲ್ ತರಬೇತುದಾರರ ಹೆಸರು ಮುಂದಿಟ್ಟುಕೊಂಡು ಜನ ಸೇರಿಸುವ ಉಪಾಯವೂ ಫಲಿಸಲಿಲ್ಲ.

ಅಷ್ಟರಲ್ಲಿ ಹೊಸದೊಂದು ಬೇಸ್‌ಬಾಲ್ ಲೀಗ್ ಪೈಪೋಟಿಗೆ ಇಳಿಯಲಿದೆಯೆಂಬ ಸುದ್ದಿ ಹಬ್ಬಿತು. ಮಾಲೀಕರಿಗೆ ಫುಟ್‌ಬಾಲ್ ಪಕ್ಕದ ವ್ಯಾಪಾರ, ಬೇಸ್‌ಬಾಲ್ ಹೊಟ್ಟೆಪಾಡು. ಅವರು ಲೀಗನ್ನು ಅರ್ಧಕ್ಕೇ ನಿಲ್ಲಿಸಿದರು. ಬಾಲ್ಟಿಮೋರ್ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಮರುವರ್ಷ ಮತ್ತೆ ಆಡಿಸುವ ಮಾತು ಮಾತಾಗಿಯೇ ಉಳಿಯಿತು.

ಇಂಗ್ಲೆಂಡಿನಲ್ಲಿ 1888ರಲ್ಲಿ ಆರಂಭವಾದ ಲೀಗನ್ನು ಕಟ್ಟಿದವು ಫುಟ್‌ಬಾಲ್ ಸಂಘಗಳೇ. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಕಾರ್ಮಿಕರು ಅದರ ಬೆನ್ನೆಲುಬಾದರು. ಅಮೆರಿಕದಲ್ಲಿ ಮೈದಾನವಿತ್ತು, ಬಂಡವಾಳವಿತ್ತು, ಆಟಗಾರರೂ ಇದ್ದರು. ನೋಡಬೇಕಾದವರಿಗೆ ಬಿಡುವಿನ ವೇಳೆಯೊಂದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸರಿಯಾಗಿ ನೂರು ವರ್ಷಗಳ ನಂತರ, 1994ರಲ್ಲಿ, ವಿಶ್ವಕಪ್ ಫುಟ್‌ಬಾಲ್ ಅದೇ ದೇಶದಲ್ಲಿ ನಡೆದಾಗ ಕ್ರೀಡಾಂಗಣಗಳು ಕಿಕ್ಕಿರಿದಿದ್ದವು.