ಒಂದು ಸಾರಿ, ಎರಡು ಸಾರಿ, ಮೂರನೇ ಸಾರಿ!
ಸುಗ್ಗಿ ಹಬ್ಬದ ಹರಾಜು ಕನ್ನಡ ಕ್ರೈಸ್ತ ಸಭೆಗೆ ನಗುವನ್ನು ತಂದ ಬಗೆ

ಉತ್ತರ ಬೆಂಗಳೂರಿನ ಹೆಬ್ಬಾಳ, ಯಲಹಂಕ, ಆರ್.ಟಿ. ನಗರ, ಯಶವಂತಪುರದ ಕಡೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ವರ್ಷಕ್ಕೊಂದು ಭಾನುವಾರ ದೇವಾಲಯದೊಳಗೆ ಹೊಲ ತೋಟದ ವಾಸನೆ ತುಂಬುತ್ತದೆ. ಕಂಬಗಳಿಗೆ ಕಬ್ಬಿನ ಜಲ್ಲೆ, ಬಾಳೆಗೊನೆ ಕಟ್ಟಿರುತ್ತಾರೆ. ಪೀಠದ ಮುಂದೆ ಕುಂಬಳಕಾಯಿ, ತೆಂಗಿನಕಾಯಿ, ಮೊರದಲ್ಲಿ ರಾಗಿ, ಬುಟ್ಟಿಯಲ್ಲಿ ಅವರೆಕಾಯಿ, ಮೊಟ್ಟೆ. ಹೊರಗೆ ಕಾಲು ಕಟ್ಟಿ ಹಾಕಿದ ನಾಟಿ ಹುಂಜ ಸಭಾಪಾಲಕರ ಪ್ರಸಂಗದ ನಡುವೆಯೇ ಕೂಗಿಬಿಟ್ಟರೆ ಸಂಡೇ ಸ್ಕೂಲಿನ ಮಕ್ಕಳ ಸಾಲು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತದೆ. ಇದು ಸುಗ್ಗಿ ಹಬ್ಬ. ಆರಾಧನೆ ಮುಗಿದು ಆಶೀರ್ವಾದ ಆದೊಡನೆ ಎಲ್ಲರೂ ಅಂಗಳದ ಶಾಮಿಯಾನದಡಿ ಸೇರುತ್ತಾರೆ. ಅಲ್ಲಿ ಹಬ್ಬದ ಎರಡನೇ ಭಾಗ ಶುರುವಾಗುತ್ತದೆ: ಹರಾಜು.

ಹರಾಜು ಕೂಗುವ ಕೆಲಸ ಸಾಮಾನ್ಯವಾಗಿ ಸಭೆಯ ಹಿರಿಯರೊಬ್ಬರದು. ದೊಡ್ಡ ಗಂಟಲು ಇದ್ದರೆ ಸಾಲದು. ಯಾರ ಮನೆಯಲ್ಲಿ ಮದುವೆ ಇದೆ, ಯಾರಿಗೆ ಬಡ್ತಿ ಸಿಕ್ಕಿದೆ, ಯಾರಿಗೆ ಮೊಮ್ಮಗು ಹುಟ್ಟಿದೆ ಎಂಬುದೆಲ್ಲ ಗೊತ್ತಿರಬೇಕು. “ಪಾದ್ರಿ ಅಮ್ಮನವರು ಕೈಯಾರೆ ಮಾಡಿದ ಉಪ್ಪಿನಕಾಯಿ! ತಿಂದವರು ಮುಂದಿನ ಭಾನುವಾರ ಪ್ರಸಂಗದಲ್ಲಿ ತೂಕಡಿಸೋದಿಲ್ಲ, ಗ್ಯಾರಂಟಿ!” ಎಂದು ಅವರು ಬಾಟಲಿ ಎತ್ತಿ ಹಿಡಿದರೆ ಮೊದಲು ನಗುವವರು ಸಭಾಪಾಲಕರು. ಒಂದು ಬಾಳೆಗೊನೆಗೆ ಗಂಡಸರ ಕಡೆಯಿಂದ ಮುನ್ನೂರು, ಹೆಂಗಸರ ಕಡೆಯಿಂದ ಮುನ್ನೂರೈವತ್ತು, ಮತ್ತೆ ನಾನೂರು ಎಂದು ಸವಾಲು ಏರುತ್ತಾ ಹೋಗುತ್ತದೆ. ಕೂಗುತ್ತಿರುವ ಇಬ್ಬರೂ ಗಂಡ ಹೆಂಡತಿ ಎಂದು ಯಾರೋ ಪತ್ತೆ ಹಚ್ಚುತ್ತಾರೆ. “ಗೆದ್ದರೂ ಒಂದೇ ಮನೆ, ಸೋತರೂ ಒಂದೇ ಮನೆ, ಮುಂದುವರಿಸಿ ಅಣ್ಣಾ!” ಎಂದು ಹಿರಿಯರು ಹುರಿದುಂಬಿಸುತ್ತಾರೆ. ಕುಂಬಳಕಾಯಿ ಕೊಂಡವರು ಹಣ ಬರೆಸಿ, “ಇದು ಸಭೆಗೇ ವಾಪಸ್” ಎನ್ನುತ್ತಾರೆ. ಅದೇ ಕಾಯಿ ಮತ್ತೊಮ್ಮೆ ಮೇಜಿಗೆ ಏರುತ್ತದೆ, ಮತ್ತೊಮ್ಮೆ ಮಾರಾಟವಾಗುತ್ತದೆ.

ಈ ನಗು ಎಲ್ಲಿಂದ ಬಂತು? ಇಂಗ್ಲೆಂಡಿನ ಒಂದು ಕಡಲ ತೀರದ ಹಳ್ಳಿ, ಮಿಷನರಿಗಳ ಲೆಕ್ಕಪುಸ್ತಕ, ಮೈಸೂರು ಸೀಮೆಯ ರೈತನ ಕಣ, ಈ ಮೂರೂ ಸೇರಿ ಆದ ಕತೆ ಇದು.

ಬೆಕ್ಕಿಗೆ ಬಹಿಷ್ಕಾರ ಹಾಕಿದ ಪಾದ್ರಿ

ಫಸಲಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು ಬೈಬಲಿನಷ್ಟೇ ಹಳೆಯದು. ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ ಸುಗ್ಗಿಯ ಹಬ್ಬದ ಆಜ್ಞೆಯಿದೆ. ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ತರುವ ಕ್ರಮ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ಆದರೆ ಚರ್ಚನ್ನು ಕಾಯಿಪಲ್ಲೆ, ತೆನೆಗಳಿಂದ ಸಿಂಗರಿಸುವ ಇಂದಿನ ಹಬ್ಬಕ್ಕೆ ಒಂದು ಊರು, ಒಂದು ದಿನ, ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಮಾರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರ ಅಕ್ಟೋಬರ್ 1ರ ಭಾನುವಾರ, ಹೊಸ ಗೋಧಿಯ ರೊಟ್ಟಿಯಿಂದ ಕರ್ತನ ಭೋಜನ ಆಚರಿಸೋಣ ಬನ್ನಿ ಎಂದು ತನ್ನ ರೈತರನ್ನು ಕರೆದರು. ಅದೇ ವರ್ಷದ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದರು ಎಂದರೆ ಕಾಲದ ಅಂದಾಜು ಸಿಗುತ್ತದೆ.

ಹಾಕರ್ ಕವಿ, ಕರುಣಾಳು, ಜೊತೆಗೆ ಊರಿಗೇ ವಿಚಿತ್ರ ಮನುಷ್ಯ. ಹಡಗು ಒಡೆದು ದಡ ಸೇರಿದ ನಾವಿಕರ ಹೆಣಗಳಿಗೆ ಮರ್ಯಾದೆಯ ಮಣ್ಣು ಸಿಗುವಂತೆ ನೋಡಿಕೊಂಡವರು. ಪಾದ್ರಿಗಳ ಕಪ್ಪು ಬಟ್ಟೆ ಬಿಟ್ಟು ಮೀನುಗಾರರ ನೀಲಿ ಅಂಗಿ, ಮೊಣಕಾಲು ಮೀರಿದ ಬೂಟು ತೊಟ್ಟು ತಿರುಗುತ್ತಿದ್ದರು. ಭಾನುವಾರ ಇಲಿ ಹಿಡಿದ ತಪ್ಪಿಗೆ ತಮ್ಮ ಬೆಕ್ಕನ್ನು ಸಭೆಯಿಂದ ಬಹಿಷ್ಕರಿಸಿದರು ಎಂಬ ಕತೆಯನ್ನು ಅವರ ಊರಿನವರು ಇಂದಿಗೂ ಹೇಳುತ್ತಾರೆ. ನಗಲು ಹೆದರದ ಒಬ್ಬ ಪಾದ್ರಿಯಿಂದ ಈ ಹಬ್ಬ ಹೊಸ ರೂಪ ಪಡೆಯಿತು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಮುಂದಿನ ಎರಡು ಮೂರು ದಶಕಗಳಲ್ಲಿ ಅದು ಇಂಗ್ಲೆಂಡಿನ ಊರೂರಿಗೆ ಹಬ್ಬಿತು. ಜರ್ಮನ್ ಕವಿ ಮತ್ತಿಯಾಸ್ ಕ್ಲಾಡಿಯುಸ್ 1782ರಲ್ಲಿ ಬರೆದಿದ್ದ ಉಳುಮೆ ಬಿತ್ತನೆಯ ಹಾಡೊಂದನ್ನು ಜೇನ್ ಕ್ಯಾಂಬೆಲ್ 1861ರಲ್ಲಿ ಇಂಗ್ಲಿಷಿಗೆ ತಂದರು. ಹಬ್ಬಕ್ಕೆ ಒಂದು ಹಾಡೂ ಸಿಕ್ಕಿತು.

ನಮ್ಮ ನೆಲದಲ್ಲಿ ಇದಕ್ಕಿಂತ ಹಳೆಯ ಪದ್ಧತಿಯೂ ಇದೆ. ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನ್ಮದಿನದ ಜೊತೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ಮೊಂತಿ ಫೆಸ್ತ್ ಆಚರಿಸುತ್ತಾರೆ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂಡಾ ಇದನ್ನು ಶುರುಮಾಡಿದರು ಎಂಬುದು ನಂಬಿಕೆ. ಬೆಂಗಳೂರಿಗೆ ಬಂದ ಮಂಗಳೂರಿಗರು ಇಲ್ಲಿಯೂ ಅದನ್ನು ಬಿಟ್ಟಿಲ್ಲ.

ಸೇರು ರಾಗಿಯೇ ಕಾಣಿಕೆ

ಇಂಗ್ಲೆಂಡಿನಲ್ಲಿ ಸುಗ್ಗಿ ಹಬ್ಬ ಹರಡುತ್ತಿದ್ದ ಕಾಲದಲ್ಲಿ ಅಲ್ಲಿನ ಮಿಷನರಿಗಳು ಇಲ್ಲಿದ್ದರು. ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರು ಕಡೆ ವೆಸ್ಲಿಯನ್ ಮೆಥಡಿಸ್ಟರೂ ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್ನಿನವರೂ ಕೆಲಸ ಮಾಡುತ್ತಿದ್ದರು. ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನರಿ ಜೊಸಾಯಾ ಹಡ್ಸನ್ನರ ಹೆಸರಿನದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನ ಬೆಂಜಮಿನ್ ರೈಸರದು. ಶಾಸನಗಳ ಸಂಪಾದಕ ಬಿ.ಎಲ್. ರೈಸ್ ಅವರ ತಂದೆ ಇವರೇ. ತಾಯ್ನಾಡಿನ ಹಬ್ಬಗಳನ್ನು ಇಂಥ ಮಿಷನರಿಗಳು ತಮ್ಮೊಡನೆ ತಂದರು.

ಅವರ ಮುಂದೊಂದು ತೊಡಕಿತ್ತು. ಹಳ್ಳಿಯ ಸಭೆಗಳಲ್ಲಿ ಇದ್ದವರು ಸಣ್ಣ ರೈತರು, ಕೂಲಿಗಳು. ಅವರ ಕೈಯಲ್ಲಿ ನಗದು ಓಡಾಡುತ್ತಿದ್ದುದು ಅಪರೂಪ. ಅದೇ ಹೊತ್ತಿಗೆ, 19ನೇ ಶತಮಾನದ ನಡುವಿನಿಂದ, ಬ್ರಿಟನ್ನಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಒಂದು ವಿಚಾರವನ್ನು ಬಲವಾಗಿ ಮಂಡಿಸಿದ್ದರು: ಊರಿನ ಸಭೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ಬೆಳೆಯಬೇಕು. ದುಡ್ಡಿಲ್ಲದವರ ಸಭೆ ಖರ್ಚು ನೋಡಿಕೊಳ್ಳುವುದು ಹೇಗೆ? ಉತ್ತರ ಅಡುಗೆಮನೆಯಲ್ಲಿತ್ತು. ಅಡುಗೆಗೆ ಅಳೆಯುವಾಗ ಒಂದು ಹಿಡಿ ಧಾನ್ಯ ತೆಗೆದಿಡುವ ಪದ್ಧತಿ ಭಾರತದ ಹಲವು ಕಡೆಯ ಸಭೆಗಳಲ್ಲಿ ಬೇರೂರಿತು. ಮಿಜೋರಾಮಿನಲ್ಲಿ 1910ರಲ್ಲಿ ಶುರುವಾದ ಹಿಡಿ ಅಕ್ಕಿಯ ಕಾಣಿಕೆ ಇಂದಿಗೂ ಅಲ್ಲಿನ ಸಭೆಗಳ ದೊಡ್ಡ ಆಧಾರ. ನಮ್ಮ ಬಯಲುಸೀಮೆಯಲ್ಲಿ ಅದೇ ಅರ್ಥದಲ್ಲಿ ಬಂದದ್ದು ಸೇರು ರಾಗಿ, ಕೋಳಿ, ಮೊಟ್ಟೆ, ಕುಂಬಳಕಾಯಿ.

ಹೀಗೆ ಕೊಡುವುದು ಇಲ್ಲಿನ ರೈತನಿಗೆ ಹೊಸದಾಗಿರಲಿಲ್ಲ. ಕಣದಲ್ಲಿ ರಾಶಿ ಮಾಡಿ, ಪೂಜೆಯಾದ ಮೇಲೆ ಕಮ್ಮಾರ, ಬಡಗಿ, ಅಗಸ, ತೋಟಿ ಮೊದಲಾದ ಆಯಗಾರರಿಗೆ ಅವರವರ ಆಯವನ್ನು ಅಳೆದುಕೊಟ್ಟ ನಂತರವೇ ಧಾನ್ಯ ಮನೆಗೆ ಹೋಗುತ್ತಿತ್ತು. ಆಯ ಪಡೆಯುತ್ತಿದ್ದ ಸಮುದಾಯಗಳಿಂದ ಬಂದವರು ಆರಂಭದ ಸಭೆಗಳಲ್ಲಿ ಬಹಳ ಮಂದಿ ಇದ್ದರು. ಇಷ್ಟು ದಿನ ಕೈಚಾಚಿ ಪಡೆದವರು ಈಗ ಎಲ್ಲರೆದುರು ಕೊಡುವವರಾದರು. ಸುಗ್ಗಿ ಹಬ್ಬದ ಸಂಭ್ರಮದ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ಬಂದ ಕಾಣಿಕೆಯೇನೋ ಸರಿ, ಆದರೆ ಹಣ್ಣು ಕೊಳೆಯುತ್ತದೆ, ಕೋಳಿಗೆ ಮೇವು ಬೇಕು. ಅಂದಂದೇ ಹಣವಾಗಬೇಕು. ಹರಾಜು ನಮ್ಮವರಿಗೆ ಚೆನ್ನಾಗಿ ಗೊತ್ತಿದ್ದ ವ್ಯವಹಾರ. ಶಿಡ್ಲಘಟ್ಟದ ರೇಷ್ಮೆ ಗೂಡಿನಿಂದ ಯಶವಂತಪುರದ ಎಪಿಎಂಸಿ ಯಾರ್ಡಿನವರೆಗೆ ಹರಾಜು ಇಲ್ಲಿನ ರೈತರಿಗೆ ನಿತ್ಯದ ಮಾತು. ಗಣೇಶೋತ್ಸವಗಳಲ್ಲಿಯೂ ಹರಾಜು ಉಂಟು. ಹೈದರಾಬಾದಿನ ಬಾಲಾಪುರದ ಲಡ್ಡು 1994ರಿಂದ ಅದಕ್ಕೇ ಹೆಸರಾಗಿದೆ. ಮಾರುಕಟ್ಟೆಯಲ್ಲಿ ಕೊಳ್ಳುವವನು ಬೆಲೆ ಇಳಿಯಲಿ ಎಂದು ಕಾಯುತ್ತಾನೆ. ಸಭೆಯ ಅಂಗಳದಲ್ಲಿ ಕೊಳ್ಳುವವನೇ ಬೆಲೆ ಏರಿಸುತ್ತಾನೆ. ಈ ತಲೆಕೆಳಗಾದ ವ್ಯಾಪಾರ ಕಂಡರೆ ಯಾರಿಗಾದರೂ ನಗು ಬರುತ್ತದೆ.

ಹೊಲವಿಲ್ಲದ ಸುಗ್ಗಿ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ವೆಸ್ಲಿಯನ್, ಲಂಡನ್ ಮಿಷನ್ನುಗಳ ಕನ್ನಡ ಸಭೆಗಳೂ ಅದರೊಳಗೆ ಬಂದವು. ಅಷ್ಟರಲ್ಲಿ ಈ ಸಭೆಗಳ ಮಕ್ಕಳು ಹೊಲ ಬಿಟ್ಟು ನೌಕರಿಗೆ ಹೊರಟಿದ್ದರು. ಉತ್ತರ ಬೆಂಗಳೂರು ಅವರನ್ನು ಕರೆಯಿತು. 1950ರ ದಶಕದಲ್ಲಿ ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. 1973ರಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ. 1980ರ ದಶಕದಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ. ಗುಬ್ಬಿ, ಕೋಲಾರ, ಹಾಸನ, ಗದಗ ಕಡೆಯಿಂದ ಬಂದ ಫಿಟ್ಟರ್‌ಗಳು, ಮೇಷ್ಟ್ರುಗಳು, ನರ್ಸ್‌ಗಳು ಹೊಸ ಬಡಾವಣೆಗಳಲ್ಲಿ ಕನ್ನಡ ಆರಾಧನೆಗೆ ಸೇರಿದರು. ಸುಗ್ಗಿ ಹಬ್ಬವೂ ಅವರ ಜೊತೆ ಬಂತು.

ಆಗ ಇನ್ನೂ ಸುತ್ತ ಬೇಸಾಯವಿತ್ತು. ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿಯ ಚಕೋತ, ಇಂದು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಎರಡೂ ಇದೇ ದಿಕ್ಕಿನ ಬೆಳೆಗಳು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಯನ್ನು ಸೋಲಿಸಿ ರಾಮನ ಮೆಚ್ಚುಗೆ ಗಳಿಸಿದ ರಾಗಿ ಈ ಕಡೆಯ ಮುಖ್ಯ ಆಹಾರ. ಇಂಗ್ಲೆಂಡಿನ ಗೋಧಿ ಅಕ್ಟೋಬರಿಗೆ ಮನೆ ಸೇರಿದರೆ ನಮ್ಮ ರಾಗಿ ಕೊಯ್ಲು ನವೆಂಬರ್, ಡಿಸೆಂಬರ್ ಹೊತ್ತಿಗೆ. ಹಾಗಾಗಿ ಇಲ್ಲಿ ಹಬ್ಬಕ್ಕೆ ಒಂದೇ ದಿನ ಎಂಬುದಿಲ್ಲ. ಒಂದೊಂದು ಸಭೆಯದು ಒಂದೊಂದು ಭಾನುವಾರ. ಪಕ್ಕದ ಸಭೆಯವರು ಬಂದು ಸವಾಲು ಹಾಕಲಿಕ್ಕೂ ಅದು ಅನುಕೂಲ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ದ್ರಾಕ್ಷಿ ತೋಟ, ರಾಗಿ ಹೊಲಗಳು ಸೈಟುಗಳಾದವು, ಅಪಾರ್ಟ್‌ಮೆಂಟುಗಳಾದವು. ಹಬ್ಬ ಮಾತ್ರ ನಿಲ್ಲಲಿಲ್ಲ, ಸರಕು ಬದಲಾಯಿತು. ಈಗ ಮೇಜಿನ ಮೇಲೆ ಕುಂಡದ ತುಳಸಿ, ತಾರಸಿಯ ಟೊಮ್ಯಾಟೊ, ಮಹಿಳಾ ಕೂಟದವರ ಕೇಕು, ಪ್ರೆಷರ್ ಕುಕ್ಕರ್, ಎಲ್‌ಇಡಿ ಬಲ್ಬಿನ ಪೆಟ್ಟಿಗೆ. ಒಳಗೇನಿದೆ ಎಂದು ಹೇಳದ ಪೊಟ್ಟಣಕ್ಕೆ ಯುವಕರು ಪೈಪೋಟಿ ನಡೆಸುತ್ತಾರೆ. ಬಿಚ್ಚಿದರೆ ಒಂದು ಪಾತ್ರೆ ಉಜ್ಜುವ ನಾರು ಸಿಗುತ್ತದೆ, ಅಂಗಳವೆಲ್ಲ ಚಪ್ಪಾಳೆ. ಖಜಾಂಚಿಯ ನೋಟ್‌ಬುಕ್ಕಿನ ಪಕ್ಕ ಯುಪಿಐ ಫಲಕ ನಿಂತಿದೆ. ಪಕ್ಕದ ಮಳಿಗೆಯಲ್ಲಿ ದೋಸೆ, ಬಿರಿಯಾನಿ.

ನಗುವಿನ ಕೆಲಸ

ದುಡ್ಡಿನ ವಿಷಯದಲ್ಲಿ ಜನ ಬೇಗ ಮುದುಡುತ್ತಾರೆ. ಹೆಚ್ಚು ಇದ್ದವನು ಕೊಟ್ಟರೆ ಮೆರೆಯುತ್ತಾನೆ ಎನ್ನುತ್ತಾರೆ, ಕಡಿಮೆ ಇದ್ದವಳು ಕೊಡಲು ನಾಚುತ್ತಾಳೆ. ಹರಾಜಿನ ನಗು ಎರಡೂ ಕಡೆಯ ಬಿಗಿತವನ್ನು ಸಡಿಲಿಸುತ್ತದೆ. ಅಜ್ಜಿಯೊಬ್ಬರು ಸೆರಗಿನಲ್ಲಿ ತಂದ ನಾಲ್ಕು ಮೊಟ್ಟೆಗೆ ಕಂಪನಿ ಮ್ಯಾನೇಜರ್ ಸಾವಿರ ರೂಪಾಯಿ ಕೂಗುತ್ತಾರೆ. ನಗುವಿನ ನಡುವೆ ಅಜ್ಜಿಯ ಕಾಣಿಕೆ ಆ ದಿನದ ದೊಡ್ಡ ಕಾಣಿಕೆಯಾಗುತ್ತದೆ. ಎರಡು ಕಾಸು ಹಾಕಿದ ಬಡ ವಿಧವೆಯನ್ನು ಯೇಸು ಎಲ್ಲರಿಗಿಂತ ಮೇಲೆ ಎಣಿಸಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಅದನ್ನು ಪೀಠದಿಂದ ಎಷ್ಟು ಸಲ ಓದಿದರೂ ಬಾರದ ಅರ್ಥ ಈ ಅಂಗಳದಲ್ಲಿ ಮಕ್ಕಳಿಗೂ ತಿಳಿಯುತ್ತದೆ. ವರ್ಷವಿಡೀ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ಮುಖ ಗಂಟಿಕ್ಕಿಕೊಂಡವರು ಒಂದು ಚಕೋತಕ್ಕೆ ಜಿದ್ದು ಮಾಡಿ, ಕೊನೆಗೆ ಅದನ್ನು ಸುಲಿದು ಹಂಚಿಕೊಂಡು ತಿನ್ನುತ್ತಾರೆ.

ಈಗ ಕೆಲವರು ಹರಾಜಿಗೆ ಹೊತ್ತು ಹೋಗುತ್ತದೆ, ಲಕೋಟೆ ಹಂಚಿದರೆ ಸಾಕು ಎನ್ನುತ್ತಾರೆ. ಲಕೋಟೆಯಲ್ಲಿ ಹಣ ಬರಬಹುದು, ಸಭೆ ಕೂಡುವುದಿಲ್ಲ. ಸವಾಲು ಬರೀ ಪ್ರತಿಷ್ಠೆಯ ಪೈಪೋಟಿಯಾಗುವ ಅಪಾಯವೂ ಇದೆ. ಅದಕ್ಕೆ ಮದ್ದು ಹರಾಜನ್ನು ನಿಲ್ಲಿಸುವುದಲ್ಲ. ಸಣ್ಣ ಕಾಣಿಕೆಯನ್ನು ಮೊದಲು ಮೇಜಿಗೆ ತರುವುದು, ಹತ್ತು ರೂಪಾಯಿಯ ಸವಾಲಿಗೂ ಅಷ್ಟೇ ಗಟ್ಟಿಯಾಗಿ ಚಪ್ಪಾಳೆ ತಟ್ಟುವುದು. ಹೊಲದ ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡ ಹೇಳುತ್ತದೆ. ಹಾಗೆ ಬಿಟ್ಟ ತೆನೆಯನ್ನು ಹಕ್ಕಲಾಯಲು ಬಂದ ಪರದೇಶಿ ರೂತಳು ಮುಂದೆ ದಾವೀದ ರಾಜನ ಮುತ್ತಜ್ಜಿಯಾದಳು. ಹರಾಜಿನ ಹಣದಲ್ಲಿ ಒಂದು ಪಾಲು ಆ ಬಡಾವಣೆಯಲ್ಲೇ ಕಟ್ಟಡ ಕಟ್ಟುತ್ತಿರುವ ವಲಸೆ ಕೂಲಿಗಳ ಮಕ್ಕಳಿಗೆ ಹೋದರೆ ಹಬ್ಬ ತನ್ನ ಮೂಲಕ್ಕೆ ನಿಷ್ಠವಾಗಿರುತ್ತದೆ.

ಸಭೆಯ ಹಿರಿಯರಿಗೆ ಒಂದು ವಿನಂತಿ: ನಿಮ್ಮ ಊರಿನ ಹಳೆಯ ಸುಗ್ಗಿ ಹಬ್ಬಗಳನ್ನು ಕಂಡ ಅಜ್ಜ ಅಜ್ಜಿಯರ ಮಾತನ್ನು ಈ ವರ್ಷವೇ ಬರೆದಿಡಿ, ಅವರ ಕಾಲದ ಹರಾಜಿನ ಚಟಾಕಿಗಳ ಸಮೇತ. ನೆರೆಹೊರೆಯ ಓದುಗರಿಗೆ ಇನ್ನೊಂದು: ನಿಮ್ಮ ರಸ್ತೆಯ ಚರ್ಚಿನ ಮುಂದೆ ಶಾಮಿಯಾನ, ಕಬ್ಬಿನ ಜಲ್ಲೆ ಕಂಡರೆ ಯಾವ ಧರ್ಮದವರಾದರೂ ಸಂಕೋಚವಿಲ್ಲದೆ ಒಳಗೆ ಹೋಗಿ. ಒಂದು ಕುಂಬಳಕಾಯಿಗೆ ಸವಾಲು ಹಾಕಿ. ಗೆದ್ದರೆ ಅದನ್ನು ಸಭೆಗೇ ವಾಪಸ್ ಕೊಡಿ, ಅದು ಇನ್ನೊಂದು ಸಲ ಮಾರಾಟವಾಗಲಿ.