ಹೆಸರಲ್ಲೇ ಎಲೆ

ಅಮೃತಬಳ್ಳಿಯ ಎಲೆಯನ್ನು ಅಂಗೈ ಮೇಲಿಟ್ಟರೆ ಹೃದಯದ ಆಕಾರ ಎದ್ದು ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಟೈನೋಸ್ಪೋರಾ ಕಾರ್ಡಿಫೋಲಿಯಾ. ಕಾರ್ಡಿಫೋಲಿಯಾ ಅಂದರೆ ಹೃದಯದಂಥ ಎಲೆಯದು, ಅಷ್ಟೇ.

ಹಲಸಿನದು ಇನ್ನೂ ಮಜಾ. ದೊಡ್ಡ ಮರದ ಎಲೆ ಅಂಡಾಕಾರ, ಅಂಚು ಎಲ್ಲೂ ಸೀಳಿರುವುದಿಲ್ಲ. ಅದೇ ಎಳೆ ಸಸಿಯನ್ನು ಬಗ್ಗಿ ನೋಡಿ: ಕೆಲವು ಎಲೆಗಳು ಎರಡು ಮೂರು ಹಾಲೆಗಳಾಗಿ ಸೀಳಿರುತ್ತವೆ. ಅದಕ್ಕೇ 1789ರಲ್ಲಿ ಫ್ರಾನ್ಸಿನ ಲಮಾರ್ಕ್ ‘ಹೆಟೆರೋಫಿಲಸ್’ ಎಂದು ಕರೆದ. ಬಗೆಬಗೆಯ ಎಲೆಯದು ಎಂದರ್ಥ. ಪದ ಮೂಲದಲ್ಲಿ ಗ್ರೀಕ್. ಸಸ್ಯಗಳ ಲ್ಯಾಟಿನ್‌ನಲ್ಲಿ ಇಂಥ ಕಡ ಧಾರಾಳ!

ಬಸವನಪಾದದ ಎಲೆ ತುದಿಯಲ್ಲಿ ಸೀಳಿ ಜೋಡಿಯಾಗಿದೆ. ಊರವರಿಗೆ ಅದರಲ್ಲಿ ಕಂಡದ್ದು ಎತ್ತಿನ ಗೊರಸು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್‌ಗೆ ಕಂಡದ್ದು ಅಣ್ಣತಮ್ಮಂದಿರು: ಯೋಹಾನ್ ಮತ್ತು ಕ್ಯಾಸ್ಪರ್ ಬೌಹಿನ್, ಇಬ್ಬರೂ ಸ್ವಿಸ್ ಸಸ್ಯಶಾಸ್ತ್ರಜ್ಞರು. ಬಸವನಪಾದದ ಕುಲಕ್ಕೆ ಅವರ ಹೆಸರೇ: ಬೌಹಿನಿಯಾ.