ಒಂಬತ್ತು ಗೈರುಹಾಜರಿ, ಒಂದು ಬಿಡುಗಡೆ ಪತ್ರ

ಅಮೆರಿಕದ ಓಹಾಯೋ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ ವಾಸಿಸುವ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ವಾರದಲ್ಲಿ ಐದು ದಿನ ಅವನು ಉಗ್ರಾಣವೊಂದರಲ್ಲಿ ದುಡಿಯುತ್ತಾನೆ. ತಿಂಗಳಿಗೊಮ್ಮೆ ಶನಿವಾರ ನಸುಕಿನಲ್ಲೆದ್ದು, ಸಮವಸ್ತ್ರ ಧರಿಸಿ, ಅರವತ್ತು ಮೈಲಿ ಕಾರು ನಡೆಸಿಕೊಂಡು ಕವಾಯತಿಗೆ ಹೋಗುತ್ತಾನೆ. ಭಾನುವಾರ ಸಂಜೆ ಮನೆಗೆ ಮರಳುತ್ತಾನೆ. ಅವನು ಮೀಸಲು ಸೈನಿಕ.

ಒಂದು ಚಳಿಗಾಲದಲ್ಲಿ ಅವನ ತಾಯಿಗೆ ಪಾರ್ಶ್ವವಾಯು ಬಡಿಯಿತು. ಆ ತಿಂಗಳು ಅವನು ಕವಾಯತಿಗೆ ಹೋಗಲಿಲ್ಲ. ಮರುತಿಂಗಳು ಕಾರು ಕೆಟ್ಟಿತು. ರಿಪೇರಿಗೆ ಕೈಯಲ್ಲಿ ಹಣವಿರಲಿಲ್ಲ. ಮೂರನೆಯ ತಿಂಗಳು ಹೋಗಬಹುದಾಗಿತ್ತು. ಆದರೆ ಎರಡು ಸಲ ತಪ್ಪಿಸಿಕೊಂಡವನು ಮೇಲಧಿಕಾರಿಯ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬ ನಾಚಿಕೆ ಅವನನ್ನು ಹಿಡಿದು ನಿಲ್ಲಿಸಿತು. ಅಷ್ಟರಲ್ಲಿ ಮನೆಯನ್ನೂ ಬದಲಾಯಿಸಿದ್ದನು. ಹಳೆಯ ವಿಳಾಸಕ್ಕೆ ಬಂದ ಪತ್ರಗಳು ಹಾಗೆಯೇ ಹಿಂತಿರುಗಿದವು. ಕೆಲವು ತಿಂಗಳ ಮೇಲೆ, ಹೇಗೋ ಅವನ ಕೈಸೇರಿದ ಒಂದು ಸರಕಾರಿ ಲಕೋಟೆಯಲ್ಲಿ ಅವನ ಸೈನಿಕ ಜೀವನ ಮುಗಿದಿತ್ತು. ಗೌರವಕ್ಕೆ ಹೊರತಾದ ಸ್ಥಿತಿಯಲ್ಲಿ ಅವನನ್ನು ಬಿಡುಗಡೆ ಮಾಡಲಾಗಿದೆಯೆಂದು ಆ ಪತ್ರ ಸಾರುತ್ತಿತ್ತು.

ಈ ತರುಣನನ್ನು ನಾವು ಕಲ್ಪಿಸಿಕೊಂಡೆವು. ಆದರೆ ಇಂತಹ ಲಕೋಟೆಯನ್ನು ನಿಜವಾಗಿಯೂ ಪಡೆದವರು ಆ ದೇಶದಲ್ಲಿ ಬಹು ಮಂದಿ ಇದ್ದಾರೆ. ಅವರು ಯಾವ ಅಪರಾಧವನ್ನೂ ಎಸಗಿದವರಲ್ಲ; ಯಾವ ನ್ಯಾಯಾಲಯವೂ ಅವರನ್ನು ವಿಚಾರಣೆ ಮಾಡಿಲ್ಲ. ಹಾಗಿದ್ದರೂ ಆ ಕಾಗದ ಜೀವನವಿಡೀ ಅವರ ಬೆನ್ನು ಹತ್ತುತ್ತದೆ. ಅದನ್ನು ತಿದ್ದಿಸಿಕೊಳ್ಳಲು ಮಾರ್ಗವುಂಟೇ? ಉಂಟು. ಆ ಮಾರ್ಗದ ಕಥೆಯೇ ಈ ಲೇಖನ.

ವಾರಾಂತ್ಯದ ಸೈನಿಕರು

ಮನೆಯಲ್ಲಿದ್ದುಕೊಂಡೇ ಶಸ್ತ್ರವಿದ್ಯೆ ಕಲಿತು, ಕರೆ ಬಂದಾಗ ಹೊರಡುವ ನಾಗರಿಕ ಸೈನಿಕನ ಸಂಪ್ರದಾಯ ಅಮೆರಿಕದಲ್ಲಿ ಬಹಳ ಹಳೆಯದು. ಅಲ್ಲಿನ ನ್ಯಾಷನಲ್ ಗಾರ್ಡ್ ದಳವು ತನ್ನ ಹುಟ್ಟನ್ನು 1636ರ ಡಿಸೆಂಬರ್ 13ಕ್ಕೆ ಗುರುತಿಸಿಕೊಳ್ಳುತ್ತದೆ. ಅಂದು ಮ್ಯಾಸಚೂಸೆಟ್ಸ್ ಬೇ ವಸಾಹತಿನ ಜನ ತಮ್ಮ ಊರೂರ ಪಡೆಗಳನ್ನು ದಳಗಳಾಗಿ ಕೂಡಿಸಿದರು. ಭೂಸೈನ್ಯದ ಮೀಸಲು ದಳವು 1908ರ ಏಪ್ರಿಲ್ 23ರಂದು ವೈದ್ಯರ ಮೀಸಲು ಪಡೆಯಾಗಿ ಪ್ರಾರಂಭವಾಯಿತು. ನಮ್ಮ ದೇಶದ ಟೆರಿಟೋರಿಯಲ್ ಆರ್ಮಿಯೂ ಇದೇ ತತ್ತ್ವದ ಮೇಲೆ ನಿಂತದ್ದು. 1949ರ ಅಕ್ಟೋಬರ್ 9ರಂದು ಶ್ರೀ ರಾಜಗೋಪಾಲಾಚಾರಿಯವರು ಅದನ್ನು ಉದ್ಘಾಟಿಸಿದರು.

ಅಮೆರಿಕದಲ್ಲಿ ಸೈನ್ಯಕ್ಕೆ ಸೇರುವವನು ಸಾಮಾನ್ಯವಾಗಿ ಒಟ್ಟು ಎಂಟು ವರ್ಷಗಳ ಬಾಧ್ಯತೆಗೆ ಒಪ್ಪಿ ಸಹಿ ಹಾಕುತ್ತಾನೆ. ಮೀಸಲು ಸೈನಿಕನಿಗೆ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಸುಮಾರು ಎರಡು ವಾರ ಶಿಬಿರ, ಇಷ್ಟು ಕಡ್ಡಾಯ. ಒಂದು ವಾರಾಂತ್ಯವನ್ನು ನಾಲ್ಕು ನಾಲ್ಕು ಗಂಟೆಗಳ ನಾಲ್ಕು ಕವಾಯತುಗಳಾಗಿ ಎಣಿಸುತ್ತಾರೆ. ಪ್ರತಿಯೊಂದಕ್ಕೂ ಒಂದು ದಿನದ ಮೂಲವೇತನ ಸಲ್ಲುತ್ತದೆ. ಹೀಗೆ ವರ್ಷಕ್ಕೆ ನಲವತ್ತೆಂಟು ಕವಾಯತುಗಳು.

ತೊಡಕು ಇರುವುದು ಈ ಲೆಕ್ಕದಲ್ಲಿಯೇ. ಒಂದು ವರ್ಷದೊಳಗೆ ಅನುಮತಿಯಿಲ್ಲದೆ ಒಂಬತ್ತು ಕವಾಯತುಗಳಿಗೆ ಗೈರುಹಾಜರಾದವನನ್ನು ಭೂಸೈನ್ಯದ ನಿಯಮಗಳು ‘ಅತೃಪ್ತಿಕರವಾಗಿ ಭಾಗವಹಿಸುವವನು’ ಎಂದು ಪರಿಗಣಿಸುತ್ತವೆ. ಒಂಬತ್ತೆಂದರೆ ಬಹಳವೆಂದು ತೋರಬಹುದು. ಆದರೆ ಎರಡು ವಾರಾಂತ್ಯ ತಪ್ಪಿದರೆ ಎಂಟಾಯಿತು. ಮೂರನೆಯ ತಿಂಗಳ ಶನಿವಾರ ಬೆಳಗಿನ ಹೊತ್ತು ತಪ್ಪಿದೊಡನೆಯೇ ಒಂಬತ್ತು ತುಂಬಿತು! ತಾಯಿಯ ಕಾಯಿಲೆ, ಕೆಟ್ಟ ಕಾರು, ಒಂದು ಹೊತ್ತಿನ ನಾಚಿಕೆ — ನಮ್ಮ ತರುಣನ ಲೆಕ್ಕ ಮುಗಿದದ್ದು ಹೀಗೆ.

ವಿಯೆಟ್ನಾಮ್ ಯುದ್ಧದ ದಿನಗಳಲ್ಲಿ ಕವಾಯತು ತಪ್ಪಿಸಿದವನಿಗೆ ಬೇರೊಂದು ಭಯವಿತ್ತು. ಅಂತಹವನನ್ನು ಪೂರ್ಣಾವಧಿಯ ಸೈನ್ಯಕ್ಕೆ ಎಳೆದುಕೊಳ್ಳುವ ಅಧಿಕಾರ ಸರಕಾರಕ್ಕಿತ್ತು. 1973ರಲ್ಲಿ ಕಡ್ಡಾಯ ಭರ್ತಿ ನಿಂತ ಮೇಲೆ ಮನಸ್ಸಿಲ್ಲದವನನ್ನು ಹೊರಗೆ ಕಳುಹಿಸುವುದೇ ವಾಡಿಕೆಯಾಯಿತು. ಆದರೆ ಹೊರಗೆ ಕಳುಹಿಸುವಾಗ ಕೈಗೆ ಕೊಡುವ ಕಾಗದದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಕಾಗದದ ಮೇಲಿನ ಐದು ದರ್ಜೆಗಳು

ಅಮೆರಿಕದ ಸೈನ್ಯದಿಂದ ಹೊರಬರುವವನಿಗೆ ದೊರೆಯುವ ಬಿಡುಗಡೆಗಳಲ್ಲಿ ಮುಖ್ಯವಾದವು ಐದು. ಮೊದಲನೆಯದು ಗೌರವಯುತ ಬಿಡುಗಡೆ. ಎರಡನೆಯದು ಸಾಮಾನ್ಯ ಬಿಡುಗಡೆ. ಇದು ಕೂಡ ಗೌರವದ ಪರಿಧಿಯಲ್ಲಿಯೇ ಇದೆಯಾದರೂ ಒಂದು ಮೆಟ್ಟಿಲು ಕೆಳಗೆ. ಮೂರನೆಯದು ಗೌರವಕ್ಕೆ ಹೊರತಾದ ಬಿಡುಗಡೆ. ಈ ಮೂರನ್ನೂ ಅಧಿಕಾರಿಗಳು ಕಡತದ ಮೂಲಕವೇ ಕೊಡಬಹುದು. ಉಳಿದೆರಡು, ಅಂದರೆ ದುರ್ನಡತೆಯ ಬಿಡುಗಡೆ ಮತ್ತು ಅಗೌರವದ ಬಿಡುಗಡೆ, ಸೈನಿಕ ನ್ಯಾಯಾಲಯದ ಶಿಕ್ಷೆಗಳು. ಕವಾಯತು ತಪ್ಪಿಸಿದ ಮೀಸಲು ಸೈನಿಕನಿಗೆ ಬಹುಮಟ್ಟಿಗೆ ಎರಡನೆಯದು ಇಲ್ಲವೆ ಮೂರನೆಯದು ಬರುತ್ತದೆ.

ಮೂರನೆಯ ದರ್ಜೆಯ ಪರಿಣಾಮಗಳು ಲಘುವಾದುವಲ್ಲ. ಭೂಸೈನ್ಯದಲ್ಲಿ ಅಂತಹವನ ಪದವಿ ಕಟ್ಟಕಡೆಯ ಸಿಪಾಯಿಯ ಮಟ್ಟಕ್ಕೆ ಇಳಿಯುತ್ತದೆ. ಮತ್ತೆ ಸೈನ್ಯ ಸೇರುವುದು ದುರ್ಲಭ. ಸರಕಾರಿ ನೌಕರಿಗೆ ಅರ್ಜಿ ಹಾಕಿದಾಗಲೆಲ್ಲ ಈ ಕಾಗದದ ಪ್ರಸ್ತಾಪ ಬರುತ್ತದೆ. ಪರದೇಶದಿಂದ ಹೋಗಿ ನೆಲಸಿ, ಸೈನಿಕ ಸೇವೆಯ ಆಧಾರದಿಂದ ಬೇಗನೆ ಪೌರತ್ವ ಪಡೆದವನಿಗಂತೂ ಇನ್ನೂ ದೊಡ್ಡ ಗಂಡಾಂತರವಿದೆ. ಐದು ವರ್ಷಗಳ ಗೌರವಯುತ ಸೇವೆ ತುಂಬುವ ಮೊದಲೇ ಈ ದರ್ಜೆಯ ಬಿಡುಗಡೆ ಬಂದರೆ, ಪಡೆದ ಪೌರತ್ವವನ್ನೇ ರದ್ದುಪಡಿಸಲು ಕಾನೂನಿನಲ್ಲಿ ಅವಕಾಶವಿದೆ. ಮಕ್ಕಳು ಆ ದೇಶದಲ್ಲಿರುವ ನಮ್ಮ ಕುಟುಂಬಗಳು ನೆನಪಿನಲ್ಲಿಡಬೇಕಾದ ಸಂಗತಿ ಇದು.

ಎರಡನೆಯ ದರ್ಜೆಯೂ ಪೂರ್ತಿ ನಿರಪಾಯಕರವಲ್ಲ. ಯುದ್ಧಯೋಧರ ಉನ್ನತ ವಿದ್ಯಾಭ್ಯಾಸಕ್ಕಾಗಿ ಸರಕಾರ ಕೊಡುವ ಧನಸಹಾಯವು ಗೌರವಯುತ ಬಿಡುಗಡೆ ಪಡೆದವರಿಗೆ ಮಾತ್ರ ಮೀಸಲು.

ನೀಲಿ ಕಾಗದದ ನೆನಪು

ಬಿಡುಗಡೆ ಪತ್ರವೊಂದು ಮನುಷ್ಯನನ್ನು ಎಷ್ಟು ಕಾಡಬಲ್ಲದೆಂಬುದನ್ನು ಅಮೆರಿಕವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಂಡುಕೊಂಡಿತು. 1916ರಿಂದ 1947ರವರೆಗೆ ಅಲ್ಲಿ ನೀಲಿ ಕಾಗದದ ಮೇಲೆ ಅಚ್ಚಾದ ಒಂದು ಬಿಡುಗಡೆ ಪತ್ರ ಚಾಲ್ತಿಯಲ್ಲಿತ್ತು. ಅದು ಗೌರವವನ್ನೂ ಹೇಳುತ್ತಿರಲಿಲ್ಲ, ಅಗೌರವವನ್ನೂ ಹೇಳುತ್ತಿರಲಿಲ್ಲ. ಆದರೆ ಕಾಗದದ ಬಣ್ಣ ನೋಡಿದೊಡನೆಯೇ ಕೆಲಸ ಕೊಡುವವರು ಬಾಗಿಲು ಮುಚ್ಚುತ್ತಿದ್ದರು. ಈ ನೀಲಿ ಕಾಗದ ಕರಿಯ ಸೈನಿಕರ ಪಾಲಿಗೆ ಅವರ ಸಂಖ್ಯೆಗೆ ಮೀರಿ ಬಂದಿತ್ತು. ಕರಿಯ ಜನರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೂರಿಯರ್’ 1945ರಲ್ಲಿ ಇದರ ವಿರುದ್ಧ ದೊಡ್ಡ ಚಳವಳಿಯನ್ನೇ ನಡೆಸಿತು.

ಅದೇ ಕಾಲದಲ್ಲಿ ಪರಿಹಾರದ ದಾರಿಯೂ ತೆರೆಯಿತು. ಯುದ್ಧದಿಂದ ಮರಳುವ ಯೋಧರ ನೆರವಿಗಾಗಿ 1944ರಲ್ಲಿ ಆದ ಪ್ರಸಿದ್ಧ ಕಾನೂನು, ಬಿಡುಗಡೆಗಳನ್ನು ಪುನಃ ಪರಿಶೀಲಿಸುವ ಮಂಡಲಿಗಳನ್ನು ಸ್ಥಾಪಿಸಿತು. 1946ರ ಇನ್ನೊಂದು ಕಾನೂನಿನಿಂದ ಸೈನಿಕ ದಾಖಲೆಗಳನ್ನೇ ತಿದ್ದುವ ಅಧಿಕಾರವುಳ್ಳ, ನಾಗರಿಕರಿಂದ ಕೂಡಿದ ಮಂಡಲಿಗಳು ಹುಟ್ಟಿದವು. ಇಂದಿಗೂ ಅರ್ಜಿದಾರನಿಗೆ ಇರುವ ಮುಖ್ಯ ಬಾಗಿಲುಗಳು ಇವೆರಡೇ.

ಅರ್ಜಿ ಹಾಕುವ ಬಗೆ

ಮೊದಲನೆಯ ಮಂಡಲಿಗೆ 293ನೆಯ ನಮೂನೆಯಲ್ಲಿ ಅರ್ಜಿ. ಬಿಡುಗಡೆಯಾದ ಹದಿನೈದು ವರ್ಷಗಳೊಳಗೆ ಸಲ್ಲಿಸಬೇಕು. ಆ ಅವಧಿ ಮೀರಿದವನು 149ನೆಯ ನಮೂನೆಯನ್ನು ತುಂಬಿ ದಾಖಲೆ ತಿದ್ದುವ ಮಂಡಲಿಯ ಮೊರೆಹೋಗಬೇಕು. ಅಲ್ಲಿ ತಪ್ಪು ತಿಳಿದುಬಂದ ಮೂರು ವರ್ಷಗಳ ಗಡುವು ಉಂಟಾದರೂ, ನ್ಯಾಯದ ದೃಷ್ಟಿಯಿಂದ ಮಂಡಲಿ ಅದನ್ನು ಮನ್ನಿಸಬಹುದು. ಎರಡಕ್ಕೂ ಶುಲ್ಕವಿಲ್ಲ. ವಕೀಲನನ್ನು ಇಡಬಹುದು, ಹಣವಿಲ್ಲದವನಿಗೆ ಅಮೆರಿಕನ್ ಲೀಜನ್‌ನಂತಹ ಮಾಜಿ ಯೋಧರ ಸಂಘಗಳು ನೆರವಾಗುತ್ತವೆ. ಬರಿಯ ಕಾಗದಪತ್ರಗಳ ಮೇಲೆ ತೀರ್ಪು ಕೇಳಬಹುದು, ಇಲ್ಲವೆ ಮಂಡಲಿಯೆದುರು ತಾನೇ ಹಾಜರಾಗಿ ಹೇಳಿಕೊಳ್ಳಬಹುದು. ಮೊದಲು ಕಾಗದಪತ್ರಗಳ ಪರಿಶೀಲನೆ ಕೇಳಿ, ಸೋತರೆ ಆಮೇಲೆ ಹಾಜರಿ ಕೇಳುವ ಅವಕಾಶವಿದೆ. ಹಾಜರಿಯೇ ಮೊದಲಾದರೆ ಹಿಂದಿರುಗಿ ಬರುವಂತಿಲ್ಲ.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ನಿವಾರಿಸಬೇಕು. ಆರು ತಿಂಗಳು ಕಳೆದರೆ ಕೆಟ್ಟ ಬಿಡುಗಡೆ ತಾನಾಗಿಯೇ ಒಳ್ಳೆಯದಾಗುತ್ತದೆ ಎಂಬ ಮಾತು ಸೈನಿಕರಲ್ಲಿ ತಲೆಮಾರುಗಳಿಂದ ಹಬ್ಬಿದೆ. ಅದು ಶುದ್ಧ ಸುಳ್ಳು. ಕೇಳದೆ ಯಾರೂ ತಿದ್ದುವುದಿಲ್ಲ. ಅರ್ಜಿ ಹಾಕಿದರೆ ಇರುವ ದರ್ಜೆಯೂ ಇಳಿದೀತೆಂಬ ಹೆದರಿಕೆ ಇನ್ನೊಂದು. ಪುನಃಪರಿಶೀಲನಾ ಮಂಡಲಿಯು ದರ್ಜೆಯನ್ನು ಏರಿಸಬಹುದು ಇಲ್ಲವೆ ಇದ್ದಂತೆಯೇ ಬಿಡಬಹುದು, ಇಳಿಸುವಂತಿಲ್ಲ.

ಮಂಡಲಿ ತೂಗಿ ನೋಡುವ ಸಂಗತಿಗಳು ಎರಡು. ಮೊದಲನೆಯದು ಕ್ರಮ: ಅಧಿಕಾರಿಗಳು ತಮ್ಮದೇ ನಿಯಮಗಳನ್ನು ಪಾಲಿಸಿದರೇ? ಗೈರುಹಾಜರಾದವನಿಗೆ ಎಚ್ಚರಿಕೆಯ ಪತ್ರಗಳು ಅಂಚೆಯ ಮೂಲಕ ಹೋದವೇ? ಯಾವ ವಿಳಾಸಕ್ಕೆ ಹೋದವು? ಗೌರವಕ್ಕೆ ಹೊರತಾದ ಬಿಡುಗಡೆಯನ್ನು ಯೋಚಿಸುವಾಗ, ಅಧಿಕಾರಿಗಳ ಸಮಿತಿಯೆದುರು ತನ್ನ ವಾದ ಮಂಡಿಸುವ ಹಕ್ಕನ್ನು ಅವನಿಗೆ ತಿಳಿಸಿದರೇ? ಎರಡನೆಯದು ನ್ಯಾಯ: ಎಲ್ಲವೂ ಕ್ರಮಬದ್ಧವಾಗಿದ್ದರೂ, ಈ ಮನುಷ್ಯನ ತಪ್ಪಿಗೆ ಈ ಕಳಂಕ ಹೆಚ್ಚಾಯಿತೇ?

ಸರಕಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆಯೆಂಬ ಭಾವನೆಯಿಂದ ಮಂಡಲಿ ಹೊರಡುತ್ತದೆ. ಹಾಗಲ್ಲವೆಂದು ತೋರಿಸುವ ಹೊರೆ ಅರ್ಜಿದಾರನದು. ವಿಳಾಸ ಬದಲಾವಣೆಯನ್ನು ತಿಳಿಸುವುದು ಸೈನಿಕನ ಕರ್ತವ್ಯವಾದ್ದರಿಂದ ‘ಪತ್ರ ಬರಲಿಲ್ಲ’ ಎಂಬ ಒಂದೇ ಮಾತು ಸಾಲದು. ಆದ್ದರಿಂದ ಬಾಯಿಮಾತಿಗಿಂತ ಚೂರುಪಾರು ಕಾಗದಗಳಿಗೇ ಬೆಲೆ. ತಾಯಿ ಆಸ್ಪತ್ರೆಯಲ್ಲಿದ್ದ ದಿನಗಳ ದಾಖಲೆ, ಕಾರು ರಿಪೇರಿಯ ರಸೀತಿ, ಮನೆ ಬದಲಾಯಿಸಿದ ಕರಾರು, ಜೊತೆಯ ಸೈನಿಕರ ಹೇಳಿಕೆ, ಇವನ್ನು ತಪ್ಪಿದ ಒಂದೊಂದು ತಾರೀಖಿನ ಪಕ್ಕದಲ್ಲಿಯೂ ಜೋಡಿಸಿ ಇಡಬೇಕು. ಗೈರುಹಾಜರಿಗಿಂತ ಮುಂಚಿನ ಒಳ್ಳೆಯ ಸೇವೆ, ಬಿಡುಗಡೆಯ ಅನಂತರದ ನಡತೆ, ಓದು, ದುಡಿಮೆ, ಸಂಸಾರ, ಇವೂ ತೂಕಕ್ಕೆ ಬರುತ್ತವೆ. ಗೌರವಯುತ ಬಿಡುಗಡೆಗೆ ಸೇವೆ ಸಂಪೂರ್ಣ ನಿರ್ದೋಷವಾಗಿರಬೇಕೆಂದಿಲ್ಲವೆಂದು ಮಂಡಲಿಗಳಿಗಾಗಿ ಹೊರಟ ಸೂಚನೆಗಳೇ ಹೇಳಿವೆ.

ಯುದ್ಧ ಮುಗಿದರೂ ಮುಗಿಯದವರು

ತಾಯಿಯ ಕಾಯಿಲೆಯನ್ನು ಕಾಗದದಿಂದ ತೋರಿಸಬಹುದು. ತನ್ನ ಮನಸ್ಸಿನ ಕಾಯಿಲೆಯನ್ನು ತಾನೇ ಅರಿಯದವನು ಏನನ್ನು ತೋರಿಸಬೇಕು? ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಿಗೆ ಮೀಸಲು ಸೈನಿಕರನ್ನು ದೊಡ್ಡ ಸಂಖ್ಯೆಯಲ್ಲಿ ಕಳುಹಿಸಿದ್ದರು. ಹಿಂತಿರುಗಿದವರಲ್ಲಿ ಕೆಲವರಿಗೆ ಸಮವಸ್ತ್ರದ ವಾಸನೆ, ಬೂಟಿನ ಸದ್ದು, ಬಂದೂಕಿನ ಸ್ಪರ್ಶ, ಇವೇ ಸಹಿಸದಾದವು. ನಿದ್ದೆಯಿಲ್ಲ, ಸಿಡುಕು, ಕೆಲವೊಮ್ಮೆ ಕುಡಿತ. ಹಳೆಯದನ್ನು ನೆನಪಿಸುವ ಸ್ಥಳದಿಂದ ದೂರವಿರುವುದು ಈ ವ್ಯಾಧಿಯ ಲಕ್ಷಣಗಳಲ್ಲೊಂದೆಂದು ವೈದ್ಯರು ಹೇಳುತ್ತಾರೆ. ಕವಾಯತಿನ ಮೈದಾನವೇ ಅಂತಹ ಸ್ಥಳವಾದರೆ ಗತಿಯೇನು? ಮನೆಯವರಿಗೆ ಸೋಮಾರಿಯಾಗಿಯೂ ಅಧಿಕಾರಿಗೆ ಶಿಸ್ತಿಲ್ಲದವನಾಗಿಯೂ ಕಂಡವನು ನಿಜವಾಗಿ ರೋಗಿಯಾಗಿದ್ದನು.

ಈ ವಿಷಯವನ್ನು ಸರಕಾರ ಒಪ್ಪಿಕೊಳ್ಳಲು ಕಾಲ ಹಿಡಿಯಿತು. 2014ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಅವರು ಇಂತಹ ಅರ್ಜಿಗಳನ್ನು ಉದಾರ ದೃಷ್ಟಿಯಿಂದ ನೋಡಬೇಕೆಂದು ದಾಖಲೆ ತಿದ್ದುವ ಮಂಡಲಿಗಳಿಗೆ ಸೂಚಿಸಿದರು. 2017ರ ಆಗಸ್ಟ್‌ನಲ್ಲಿ ಬಂದ ವಿವರಣೆ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟಿತು. ತಪ್ಪನ್ನು ಮನ್ನಿಸಬಲ್ಲ ವ್ಯಾಧಿ ಅಥವಾ ಅನುಭವ ಅರ್ಜಿದಾರನಿಗೆ ಇತ್ತೇ? ಅದು ಸೇವೆಯ ಕಾಲದಲ್ಲಿ ಇತ್ತೇ? ಅದು ಅವನ ತಪ್ಪಿಗೆ ನಿಜವಾಗಿಯೂ ಸಮಾಧಾನ ಕೊಡುತ್ತದೆಯೇ? ಆ ಸಮಾಧಾನ ಬಿಡುಗಡೆಯ ಕಾರಣಕ್ಕಿಂತ ಭಾರವಾದುದೇ? 2018ರ ಜುಲೈಯಲ್ಲಿ ಹೊರಟ ಮತ್ತೊಂದು ಸೂಚನೆ ಕ್ಷಮೆ ಮತ್ತು ಕರುಣೆಗೂ ಸ್ಥಾನ ಕೊಟ್ಟಿತು. ಅಂದು ವೈದ್ಯರ ಬಳಿಗೆ ಹೋಗದಿದ್ದವನ ಪರವಾಗಿ ಹೆಂಡತಿ, ತಂದೆ, ಗೆಳೆಯ ಕಂಡದ್ದನ್ನು ಬರೆದುಕೊಟ್ಟರೆ ಅದನ್ನೂ ಸಾಕ್ಷ್ಯವಾಗಿ ಸ್ವೀಕರಿಸುತ್ತಾರೆ.

ಇಂತಹ ಯೋಧರು ತಿಳಿಯಬೇಕಾದ ಇನ್ನೊಂದು ಅಂಶವಿದೆ. ಯುದ್ಧಸೇವೆಯ ಅವಧಿಗೆ ಪಡೆದ ಗೌರವಯುತ ಪತ್ರ ಬೇರೆ; ಆಮೇಲೆ ಮೀಸಲು ದಳದಿಂದ ಬಂದ ಕೆಟ್ಟ ಪತ್ರ ಬೇರೆ. ಎರಡನೆಯದು ಮೊದಲನೆಯದನ್ನು ಅಳಿಸಿಹಾಕುವುದಿಲ್ಲ. ಇದನ್ನರಿಯದೆ, ತಮಗೆ ನ್ಯಾಯವಾಗಿ ಸಲ್ಲಬೇಕಾದ ಚಿಕಿತ್ಸೆಯನ್ನೂ ಕೇಳದೆ ಉಳಿದವರುಂಟು.

ಮೊದಲೇ ಆಡಬೇಕಾದ ಮಾತು

ಎಲ್ಲ ಅರ್ಜಿಗಳೂ ಗೆಲ್ಲುವುದಿಲ್ಲ. ಕಾರಣವಿಲ್ಲದೆ ತಪ್ಪಿಸಿಕೊಂಡವನಿಗೆ ಮಂಡಲಿ ಒಲಿಯುವುದಿಲ್ಲ. ಅದು ಸರಿಯೂ ಹೌದು. ತಿಂಗಳು ತಿಂಗಳೂ ತಪ್ಪದೆ ಹಾಜರಾದ ಇತರ ಸೈನಿಕರಿಗೂ ಕಾಯಿಲೆಯ ತಾಯಂದಿರಿದ್ದರು, ಹಳೆಯ ಕಾರುಗಳಿದ್ದವು.

ಆದರೂ ನಮ್ಮ ತರುಣನ ಕಥೆಯನ್ನು ಹಿಂದಿನಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊದಲನೆಯ ವಾರಾಂತ್ಯಕ್ಕೆ ಮುಂಚೆಯೇ ಅವನು ಟೆಲಿಫೋನಿನಲ್ಲಿ ಅನುಮತಿ ಕೇಳಬಹುದಾಗಿತ್ತು. ತಪ್ಪಿದ ಕವಾಯತನ್ನು ಬೇರೆ ದಿನ ಮಾಡಿಕೊಡುತ್ತೇನೆನ್ನಬಹುದಾಗಿತ್ತು. ಮನೆಗೆ ಹತ್ತಿರದ ದಳಕ್ಕೆ ವರ್ಗ ಕೇಳಬಹುದಾಗಿತ್ತು. ಕೆಲಸಕ್ಕೆ ಸಂಚಕಾರ ಬಂದೀತೆಂದು ಹೆದರುವವರಿಗೂ, ಕವಾಯತಿಗೆ ಹೋಗುವ ನೌಕರನನ್ನು ರಕ್ಷಿಸುವ 1994ರ ಕಾನೂನು ಇದೆ. ಈ ಬಾಗಿಲುಗಳೆಲ್ಲ ತೆರೆದಿದ್ದವು. ನಾಚಿಕೆ ಅವನನ್ನು ಒಂದನ್ನೂ ತಟ್ಟಗೊಡಲಿಲ್ಲ.

ಈಗ ಅವನು ಮೇಜಿನ ಮುಂದೆ ಕುಳಿತು 293ನೆಯ ನಮೂನೆಯನ್ನು ತುಂಬುತ್ತಿದ್ದಾನೆಂದು ಭಾವಿಸೋಣ. ಪಕ್ಕದಲ್ಲಿ ಆಸ್ಪತ್ರೆಯ ಕಾಗದಗಳಿವೆ, ಹಳೆಯ ರಸೀತಿಯಿದೆ. ಒಂದು ಕೈ ಸ್ವಾಧೀನವಿಲ್ಲದ ತಾಯಿ ಇನ್ನೊಂದು ಕೈಯಿಂದ ಕಷ್ಟಪಟ್ಟು ತನ್ನ ಹೇಳಿಕೆಗೆ ಸಹಿ ಹಾಕುತ್ತಿದ್ದಾಳೆ. ಅಂದು ಆಡದೆ ಉಳಿದ ಮಾತನ್ನು ಅವನು ಇಂದು, ತಡವಾಗಿಯಾದರೂ, ತಾರೀಖು ಸಹಿತವಾಗಿ ಬರೆಯುತ್ತಿದ್ದಾನೆ. ಮಂಡಲಿಯ ತೀರ್ಪು ಏನೇ ಬರಲಿ, ಆ ಸರಕಾರಿ ಕಡತದಲ್ಲಿ ಇನ್ನು ಮುಂದೆ ಅವನ ಕಡೆಯ ಕಥೆಯೂ ಇರುತ್ತದೆ.